ಐದನೆಯ ಹಂತ

ಎಂಟು ಗಂಟೆಗೆ ಹಗಲು ಕೇಂದ್ರದ ಬಾಗಿಲು ತೆರೆದರೆ ಎಂಟೂ ಹತ್ತಕ್ಕೆಲ್ಲ ರಫೇಯಾಳ ಬಲಗೈ ಒದ್ದೆ. ಹದಿನಾರು ಜನ. ವ್ಯಾನಿನಿಂದ ಇಳಿದವರು, ಅಪ್ಪನ ಬೈಕಿನ ಹಿಂದೆ ಕೂತು ಬಂದವರು, ಮೂವತ್ತು ತುಂಬಿದರೂ ಅಮ್ಮನ ತೋಳಿಗೆ ಜೋತುಬಿದ್ದೇ ಬರುವವರು, ಎಲ್ಲರೂ ಸಾಲಾಗಿ ನಿಂತು ಅವಳ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಬಗ್ಗಿ, ಮೂಗನ್ನೂ ತುಟಿಯನ್ನೂ ಅದಕ್ಕೆ ಒತ್ತಿ ಒಳಗೆ ಹೋಗುತ್ತಿದ್ದರು. ಹಿರಿಯರ ಕೈಗೆ ಹಾಗೆ ಮುತ್ತಿಡದವರನ್ನು ಸುಂಗೈ ಲೊಕಾನ್ ಎಂಬ ಈ ಮೀನುಗಾರರ ಊರಿನಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಬುದ್ಧಿ ಬೆಳೆಯದ ಮಕ್ಕಳಿಗೆ ಓದುಬರಹ ಬಾರದಿದ್ದರೆ ಹೋಗಲಿ, ಇದೊಂದು ಬಂದರೆ ನಾಲ್ಕು ಜನರ ನಡುವೆ ಕರೆದುಕೊಂಡು ಹೋಗಬಹುದು ಎಂದು ತಾಯಂದಿರು ಗೋಗರೆಯುತ್ತಿದ್ದರು. ಅದಕ್ಕೇ ಕೇಂದ್ರದ ಗೋಡೆಯಲ್ಲಿ ಹಲ್ಲುಜ್ಜುವ ಪಟ, ಚಪ್ಪಲಿ ಹಾಕುವ ಪಟ, ಕಕ್ಕಸಿನ ಪಟ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಈ ಪಟವಿತ್ತು. ರಫೇಯಾಳೇ ಬರೆದದ್ದು. ಒಂದು, ಕೈ ಚಾಚು. ಎರಡು, ಹಿಡಿ. ಮೂರು, ಬಗ್ಗಿ ಮುತ್ತಿಡು. ನಾಲ್ಕು, ಬಿಟ್ಟು ನಗು. ನಾಲ್ಕು ಹಂತ, ನಾಲ್ಕು ಚಿತ್ರ. ಚಿತ್ರದ ಹುಡುಗಿಯ ತುಟಿಯಲ್ಲಿ ಮಾತ್ರ ಜೊಲ್ಲಿರಲಿಲ್ಲ.

ಇವರ ಜೊಲ್ಲು ಒಬ್ಬೊಬ್ಬರದು ಒಂದೊಂದು ಬಗೆ. ಜುನೈದನದು ತೆಳ್ಳಗೆ, ಬೆರಳ ಸಂದಿಗೆ ಇಳಿಯುವಂಥದು. ದಪ್ಪ ಮೈಯ ಕಮರಿಯಾ ಬೆಳಗಿನ ತೆಂಗಿನಹಾಲಿನ ಅನ್ನವನ್ನು ಇನ್ನೂ ದವಡೆಯಲ್ಲಿ ಇಟ್ಟುಕೊಂಡೇ ಬರುವವಳು. ಅವಳು ಮುತ್ತಿಟ್ಟು ಹೋದರೆ ಒಂದೆರಡು ಅಗುಳಾದರೂ ಅಂಟಿರುತ್ತಿತ್ತು. ಚೀನೀ ಅಂಗಡಿಯವರ ಹುಡುಗ ಆ-ಸೆಂಗನಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ. ಹೊಳೆಯಾಚೆ ಚಾಪೆಗಳ ಮೇಲೆ ಒಣಹಾಕಿದ ಸಿಗಡಿಯ ಗಬ್ಬು ಗಾಳಿಯಲ್ಲಿ ತುಂಬಿ, ಕೈಯ ಮೇಲಿನ ಈ ತೇವವೂ ಅದೂ ಒಂದೇ ಎನ್ನಿಸಿ, ರಫೇಯಾಳ ಹೊಟ್ಟೆ ದಿನವೂ ತೊಳಸುತ್ತಿತ್ತು. ಹನ್ನೊಂದು ವರ್ಷವಾದರೂ ಅದು ಒಗ್ಗಿರಲಿಲ್ಲ. ಮೊದಲ ವಾರ ಹಿತ್ತಲಿಗೆ ಓಡಿ ವಾಂತಿ ಮಾಡಿದ್ದಳು. ಎರಡನೆಯ ವಾರದಿಂದ ಕೈ ತನ್ನಷ್ಟಕ್ಕೆ ಒಂದು ದಾರಿ ಕಂಡುಕೊಂಡಿತು. ಬಲಗೈ ಬೆನ್ನ ಹಿಂದೆ ಹೋಗುವುದು, ಮೊಣಕಾಲುದ್ದದ ಅಂಗಿಯ ಹಿಂಭಾಗಕ್ಕೆ ಎರಡು ಸಲ, ಮೇಲಿನಿಂದ ಕೆಳಕ್ಕೆ, ಗಸಗಸ ಒರೆಸಿಕೊಳ್ಳುವುದು, ಆ ಹೊತ್ತಿಗೆ ಮೂಗು ತುಸುವೇ ಮೇಲೇರುವುದು, ಮತ್ತೆ ಕೈ ಮುಂದೆ ಬಂದು ಮುಂದಿನವರಿಗೆ ಚಾಚಿಕೊಳ್ಳುವುದು. ಮುಖದ ಮೇಲೆ ನಗು ಇದ್ದೇ ಇರುತ್ತಿತ್ತು. ಎಲ್ಲ ಎಷ್ಟು ಚುರುಕೆಂದರೆ ಯಾರ ಕಣ್ಣಿಗೂ ಬಿದ್ದಿರಲಾರದು ಎಂದು ಅವಳ ನಂಬಿಕೆ. ಬಟ್ಟೆ ಒಗೆಯುವಾಗ ಮಾತ್ರ ಅವಳ ಅಷ್ಟೂ ಅಂಗಿಗಳ ಹಿಂದೆ, ಬಲಭಾಗದಲ್ಲಿ, ಅಂಗೈಯಗಲ ಬಣ್ಣಗೆಟ್ಟ ಒಂದೇ ಜಾಗ ಎದ್ದು ಕಾಣುತ್ತಿತ್ತು. ಹೋದ ಹಬ್ಬದ ಬೆಳಿಗ್ಗೆ ಮಗಳು ನಬೀಹಾ ಹೊಸ ಬಟ್ಟೆ ಹಾಕಿಕೊಂಡು ಬಂದು ಅವಳ ಕೈಗೆ ಮುತ್ತಿಟ್ಟು, ಹಬ್ಬದ ಪದ್ಧತಿಯಂತೆ ಕ್ಷಮೆ ಕೇಳಿದ್ದಳು. ಅವಳು ತಲೆ ಎತ್ತುವಷ್ಟರಲ್ಲಿ ರಫೇಯಾಳ ಕೈ ಹಿಂದೆ ಹೋಗಿ ಬಂದಾಗಿತ್ತು. "ನಾನೂ ನಿನ್ನ ಲೈನಲ್ಲಿ ನಿಂತಿರೋರಲ್ಲಿ ಒಬ್ಳಾ ಅಮ್ಮಾ?" ಎಂದಿದ್ದಳು ಮಗಳು. ನಗುತ್ತಲೇ ಎಂದಿದ್ದಳು. ಆಮೇಲೆ ಮಧ್ಯಾಹ್ನದವರೆಗೆ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಊರಿನವರು ಈ ಹದಿನಾರು ಜನರನ್ನು ಸ್ವರ್ಗದ ಮಕ್ಕಳು ಎನ್ನುತ್ತಿದ್ದರು. ಪಾಪ ಮಾಡಲು ಬುದ್ಧಿಯೇ ಇಲ್ಲವಲ್ಲ, ನೇರವಾಗಿ ಸ್ವರ್ಗಕ್ಕೇ ಹೋಗುತ್ತಾರಂತೆ. ಇವರನ್ನು ನೋಡಿಕೊಂಡವರಿಗೂ ಅಲ್ಲಿ ಜಾಗವಂತೆ. ಮೀನಿನ ಅಂಗಡಿಯಲ್ಲಿ, ಮಸೀದಿಯ ಜಗಲಿಯಲ್ಲಿ, ಮದುವೆಯ ಊಟದ ಚಪ್ಪರದಲ್ಲಿ, ಎಲ್ಲಿ ಸಿಕ್ಕರೂ "ನಿಮಗೇನ್ರೀ ಚೆಗು, ನಿಮ್ಮ ಸೀಟು ಗ್ಯಾರಂಟಿ" ಎನ್ನುವವರೇ. ಪಾಠ ಹೇಳಿಕೊಡುವವಳಾದ್ದರಿಂದ ಎಲ್ಲರಿಗೂ ಅವಳು ಚೆಗು. ಹೀಗೆ ಹೇಳುವವರು ಯಾರೂ ಒಂದು ದಿನವಾದರೂ ಕೇಂದ್ರದ ಹೊಸಿಲು ದಾಟಿ ಒಬ್ಬನ ಮೂಗು ಒರೆಸಿದವರಲ್ಲ. ಥೂ, ಇವರ ಸ್ವರ್ಗಕ್ಕಿಷ್ಟು ಬೆಂಕಿ ಹಾಕ ಎಂದುಕೊಳ್ಳುತ್ತ ರಫೇಯಾ ನಗುತ್ತಿದ್ದಳು. ತನಗೆ ಹೇಸಿಗೆಯಾಗುತ್ತದೆ ಎಂದು ಯಾರ ಮುಂದೆಯೂ ಬಾಯಿಬಿಟ್ಟು ಹೇಳದೆ ಹನ್ನೊಂದು ವರ್ಷ ಕಳೆದಿದ್ದಳು. ಹೇಳಿದರೆ ಉಳಿಯುವುದೇನು?

ಇವತ್ತು ಹತ್ತು ಗಂಟೆಗೆ ಇಪೋ ನಗರದಿಂದ ಸುರಾಯಾ ಬರುವವಳಿದ್ದಳು. ಆ ಹದಿನಾರು ಜನರಲ್ಲಿ ಒಬ್ಬಳಾದ ಮೆಲೋರಳ ಅತ್ತಿಗೆ, ಅವಳ ಒಬ್ಬನೇ ಅಣ್ಣನ ಹೆಂಡತಿ. ಮೆಲೋರಳಿಗೆ ಇಪ್ಪತ್ನಾಲ್ಕು, ಕುಳ್ಳಗೆ, ಚಪ್ಪಟೆ ಮುಖ, ಸಣ್ಣ ಕಣ್ಣು, ಹುಟ್ಟುವಾಗಲೇ ತಂದ ನಿಧಾನ. ಅವಳ ತಾಯಿ ಮಾಕ್ ಉದಾ ಮೀನು ಸೀಳಿ ಉಪ್ಪು ಹಾಕಿ ಒಣಗಿಸಿ ಮಗಳನ್ನು ಸಾಕಿದವಳು, ಈಗ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ತೊಳೆಸಿಕೊಳ್ಳುತ್ತಿದ್ದಳು. ಬಕೆಟ್ಟು ಕೂಡ ಎತ್ತಬಾರದು ಎಂದಿದ್ದರು ಡಾಕ್ಟರು. ಉಳಿದದ್ದು ಎರಡೇ ದಾರಿ. ಒಂದೋ ಸುರಾಯಾ ಮೆಲೋರಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಬೇಕು, ಇಲ್ಲವೋ ಐದು ತಾಸು ದೂರದಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಆಶ್ರಯಗೃಹಕ್ಕೆ ಸೇರಿಸಬೇಕು. ಅದರ ಫಾರಮ್ಮು ತುಂಬಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಬರುತ್ತಾಳಂತೆ. ನೋಡಿ, ಆಮೇಲೆ ತೀರ್ಮಾನ. ತರಬೇತಿಗೆಂದು ಹೋದಾಗ ರಫೇಯಾ ಆ ಆಶ್ರಯಗೃಹವನ್ನು ಒಮ್ಮೆ ಕಂಡಿದ್ದಳು. ನಲವತ್ತು ಹೆಂಗಸರು, ಹೇನಾಗುತ್ತದೆಂದು ಎಲ್ಲರ ತಲೆಯೂ ಬೋಳು. ಸಿಮೆಂಟು ಕಟ್ಟೆಯ ಮೇಲೆ ಸಾಲಾಗಿ ಬೆತ್ತಲೆ ಕೂರಿಸಿ ದನ ತೊಳೆಯುವ ಹಾಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಉಚ್ಚೆಯ ಘಾಟಿನ ನಡುವೆಯೇ ಬಂದವರಿಗೆಲ್ಲ ತಟ್ಟೆಯಲ್ಲಿ ಬಿಸ್ಕತ್ತು ಕೊಟ್ಟಿದ್ದರು. ರಫೇಯಾ ಎರಡು ತಿಂದಿದ್ದಳು. ತಿಂದದ್ದು ನೆನಪಾದಾಗಲೆಲ್ಲ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

"ನಿಮ್ಮ ಬಾಯಿಂದ ಒಂದು ಒಳ್ಳೇ ಮಾತು ಬರ್ಲಿ ಚೆಗು," ಎಂದು ಮಾಕ್ ಉದಾ ವಾರದಿಂದ ಹೇಳುತ್ತಲೇ ಇದ್ದಳು. "ನನ್ನ ಸೊಸೆ ಕೆಟ್ಟೋಳಲ್ಲ. ಸ್ವಲ್ಪ ಮಡಿ ಜಾಸ್ತಿ, ಅಷ್ಟೇ. ನೀವು ಹೇಳಿದ್ರೆ ಕೇಳ್ತಾಳೆ."

ಮೂರು ತಿಂಗಳಿಂದ ರಫೇಯಾ ಮೆಲೋರಳನ್ನು ಈ ಒಂದು ದಿನಕ್ಕೆಂದೇ ಪಳಗಿಸಿದ್ದಳು. ಚೆಲ್ಲದೆ ತಿನ್ನುವುದು, ಬಾಯಿ ಮುಚ್ಚಿ ಅಗಿಯುವುದು, ತಟ್ಟೆ ತೊಳೆದು ಬೋರಲು ಹಾಕುವುದು. ಕಲಿಸುವ ಕ್ರಮ ಒಂದೇ. ತಾನು ಮಾಡಿ ತೋರಿಸುವುದು. ಆಮೇಲೆ ಅವಳ ಸರದಿ. ಒಂದು ಹಂತ ಮರೆತು ನಿಂತರೆ ಬೈಯಬಾರದು, ಮಾತೂ ಆಡಬಾರದು, ಸದ್ದಿಲ್ಲದೆ ತುಟಿಯಲ್ಲೇ ಐದರವರೆಗೆ ಎಣಿಸುತ್ತ ಕಾಯಬೇಕು. ಆಗಲೂ ಮಾಡದಿದ್ದರೆ ಹಿಂದೆ ಹೋಗಿ ನಿಂತು, ಅವಳ ಕೈಯ ಮೇಲೆ ತನ್ನ ಕೈ ಇಟ್ಟು, ಆ ಹಂತವನ್ನು ಮಾಡಿಸಬೇಕು. ಮಾಡಿಸಿದ ಮರುಕ್ಷಣವೇ "ಜಾಣೆ!" ಎನ್ನಬೇಕು. ತಡವಾದರೆ ಯಾವುದಕ್ಕೆ ಹೊಗಳಿದ್ದೆಂದು ಅವರಿಗೆ ತಿಳಿಯುವುದಿಲ್ಲ. ಮೆಲೋರಳ ಬಾಯಿ ಎಷ್ಟು ಒದ್ದೆಯೋ ಕಣ್ಣು ಅಷ್ಟೇ ಚುರುಕು. ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ, ಕಂಡದ್ದು ಮಾತ್ರ ಹಾಗೇ ಇಳಿಯುತ್ತಿತ್ತು. ಮೇಲ್ವಿಚಾರಕಿ ಲೆಲಾ ಸೊಂಟ ಹಿಡಿದುಕೊಂಡು ಏಳುವ ರೀತಿ, ಇಮಾಮರ ಕೆಮ್ಮು, ವ್ಯಾನಿನ ಡ್ರೈವರು ಕನ್ನಡಿ ನೋಡಿ ಮೀಸೆ ತಿದ್ದುವುದು, ಎಲ್ಲವನ್ನೂ ಮಾಡಿ ತೋರಿಸಿ ಕೇಂದ್ರವನ್ನೇ ನಗಿಸುತ್ತಿದ್ದಳು. ಬಟ್ಟೆಯ ವಿಷಯದಲ್ಲಿ ಮಾತ್ರ ರಫೇಯಾಳಿಗೆ ಅಸಮಾಧಾನ. ಮೆಲೋರಳ ಅಂಗಿಗಳ ಹಿಂದೆ ಯಾವಾಗಲೂ ಒಂದು ಕೊಳೆ. ಹೋದ ತಿಂಗಳು ಮಾಕ್ ಉದಾಳನ್ನು ಬಾಗಿಲಲ್ಲೇ ನಿಲ್ಲಿಸಿ, ಬೇರೆ ತಾಯಂದಿರ ಎದುರಿಗೇ, "ಮುಂದೆ ಮಾತ್ರ ಒಗೆದ್ರೆ ಸಾಕಾ? ಹಿಂದೆ ನೋಡೋರು ಯಾರು? ಅತ್ತಿಗೆ ಬಂದಾಗ ಹೀಗೇ ಕಳಿಸ್ತೀರಾ?" ಎಂದು ಗದರಿಸಿದ್ದಳು. ಕಾಲು ಊದಿಕೊಂಡು ನಿಲ್ಲಲೂ ಆಗದ ಹೆಂಗಸು ತಲೆ ತಗ್ಗಿಸಿ, "ಉಜ್ಜಿ ಒಗೀತೀನಿ ಚೆಗು" ಎಂದಿದ್ದಳು.

ಸುರಾಯಾ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ತಿಳಿಹಸಿರು ತಲೆವಸ್ತ್ರ, ಕೈಯಲ್ಲಿ ಬೇಕರಿಯ ಪಫ್ಫಿನ ಡಬ್ಬಿ, ಬ್ಯಾಗಿಗೆ ನೇತುಹಾಕಿದ ಕೈ ತೊಳೆಯುವ ದ್ರವದ ಪುಟ್ಟ ಬಾಟಲಿ. ಹಿಂದೆಯೇ ಮಾಕ್ ಉದಾ ಗೋಡೆ ಹಿಡಿದು ಹಿಡಿದು ಬಂದಳು. ಲೆಲಾ ಓಡಿಹೋಗಿ ಕುರ್ಚಿ ಹಾಕಿ, ಫ್ಯಾನು ತಿರುಗಿಸಿ, "ನಮ್ಮ ರಫೇಯಾ ಚೆಗು ಕೈಗೆ ಬಿದ್ರೆ ಕಲ್ಲೂ ಕಲಿಯುತ್ತೆ ನೋಡಿ" ಎಂದು ಹಲ್ಲುಬಿಟ್ಟಳು. ಪಕ್ಕದ ಮೇಜಿನಲ್ಲಿ ಜುನೈದ ಮಣಿ ಪೋಣಿಸುತ್ತಿದ್ದ. ಒಂದೊಂದು ಮಣಿಯನ್ನೂ ಬಾಯಲ್ಲಿ ಹಾಕಿ ತೆಗೆದು ಪೋಣಿಸುತ್ತಿದ್ದ. ಸುರಾಯಾಳ ಕಣ್ಣು ಅಲ್ಲಿಗೆ ಹೋಗಿ, ಅಲ್ಲಿಂದ ಕಿತ್ತುಕೊಂಡು ಬಂದದ್ದನ್ನು ರಫೇಯಾ ಕಂಡಳು. ಆ ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿದ್ದನ್ನೂ ಕಂಡಳು. ಅದೇನೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲ ವಾರ ತಾನೂ ಅದನ್ನೇ ನುಂಗುತ್ತಿದ್ದಳು.

ಲೆಲಾ ಚಹಾ ತರಲು, ಮಾಕ್ ಉದಾ ಮಗಳ ಕೂದಲು ಕಟ್ಟಲು ಎದ್ದು ಹೋದಾಗ ಸುರಾಯಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಚೆಗು, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನನಗೆ ಹೇಸಿಗೆ ಆಗುತ್ತೆ." ದನಿ ಇಳಿದಿತ್ತು. "ಹಬ್ಬಕ್ಕೆ ಬಂದಾಗ ಅವಳು ತಿಂದ ತಟ್ಟೆ ತೊಳೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಎರಡು ದಿನ ಊಟ ಸೇರ್ಲಿಲ್ಲ. ಪಾಪದ ಮಾತು ಇದು, ದೇವರು ಕೇಳಿಸ್ಕೊಳ್ತಾನೆ, ಗೊತ್ತು. ಗಂಡನ ಹತ್ರ ಹೇಳೋಕಾಗಲ್ಲ, ಅತ್ತೆ ಹತ್ರ ಹೇಳೋಕಾಗಲ್ಲ. ನೀವು ದಿನಾ ಮುಟ್ಟೋರು. ನಿಮಗೆ ಆಗಲ್ವಾ?"

ಯಾರಾದರೂ ಒಂದು ದಿನ ಇದನ್ನು ಕೇಳಿಯಾರೆಂದು ಹನ್ನೊಂದು ವರ್ಷ ಹೆದರಿದ್ದಳೋ ಕಾದಿದ್ದಳೋ, ರಫೇಯಾಳಿಗೇ ತಿಳಿಯದು. ಆಗುತ್ತೆ ತಾಯಿ, ದಿನಾ ಆಗುತ್ತೆ, ಇವತ್ತು ಬೆಳಿಗ್ಗೆಯೂ ಆಯಿತು, ಆಗುತ್ತಲೇ ಬಂದು ಬಾಗಿಲು ತೆಗೆಯುತ್ತೇನೆ, ನಿನಗೂ ಹಾಗೇ ಆಗುತ್ತೆ, ಆದರೂ ತಟ್ಟೆ ತೊಳೆಯಬಹುದು ಎಂಬ ಮಾತುಗಳು ಗಂಟಲಿನವರೆಗೆ ಬಂದವು. ಎದುರಿನ ಹೆಣ್ಣು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದುಕೊಂಡು ಲೆಲಾ ಬಾಗಿಲಲ್ಲಿ ಕಾಣಿಸಿದಳು. ಗೋಡೆಯ ಮೇಲೆ ರಫೇಯಾಳಿಗೆ ಜಿಲ್ಲೆಯವರು ಕೊಟ್ಟ ಪ್ರಶಸ್ತಿಪತ್ರ ಗಾಜಿನೊಳಗೆ ಹೊಳೆಯುತ್ತಿತ್ತು.

"ಛೇ ಛೇ, ಇಲ್ಲಮ್ಮ," ಎಂದಳು ರಫೇಯಾ. ತನ್ನದೇ ದನಿ ಯಾರೋ ಭಾಷಣ ಮಾಡಿದಂತೆ ಕೇಳಿಸಿತು. "ಪ್ರೀತಿ ಇದ್ರೆ ಹೇಸಿಗೆ ಎಲ್ಲಿಂದ ಬರುತ್ತೆ?"

"ಹೌದಲ್ವಾ!" ಎಂದಳು ಲೆಲಾ, ಲೋಟ ಇಡುತ್ತ. "ಅದಕ್ಕೇ ಊರವರು ಇವಳಿಗೆ ಸ್ವರ್ಗದಲ್ಲಿ ಸೀಟು ಅನ್ನೋದು."

ಸುರಾಯಾ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಕೊಂಡಳು. "ಹಾಗಾದ್ರೆ ನನಗೆ ಪ್ರೀತಿ ಇಲ್ಲ ಅಂತಾಯ್ತು," ಎಂದು ನಕ್ಕು, ಬಾಟಲಿಯ ದ್ರವವನ್ನು ಅಂಗೈಗೆ ಹಾಕಿಕೊಂಡು ಉಜ್ಜತೊಡಗಿದಳು. ಆ ಸಾರಾಯಿಯಂಥ ವಾಸನೆ ಬಂದಾಗ ರಫೇಯಾಳಿಗೆ ತನ್ನ ಮೇಲೆಯೇ ಓಕರಿಕೆ ಬಂತು. ಚಹಾದಲ್ಲಿ ಕೆನೆ ಕಟ್ಟಿತ್ತು, ಅದನ್ನು ಹಾಗೇ ಕುಡಿದಳು.

ಆದರೂ ಮೆಲೋರ್ ಆ ದಿನ ಎಲ್ಲರ ಮಾನ ಉಳಿಸುವ ಹಾಗೆ ನಡೆದುಕೊಂಡಳು. ಗಂಜಿಯ ಬಟ್ಟಲು, ಹುರಿದ ಸಣ್ಣ ಮೀನು, ಚಮಚ. ಒಂದು ಹನಿ ಚೆಲ್ಲಲಿಲ್ಲ. ಎರಡು ಚಮಚಕ್ಕೊಮ್ಮೆ ಬಟ್ಟೆ ತೆಗೆದುಕೊಂಡು ಬಾಯಿ ಒರೆಸಿಕೊಂಡಳು. ಒಂದು ಮೀನು ನೆಲಕ್ಕೆ ಬಿತ್ತು. ಹಿಂದಿನ ತಿಂಗಳಾಗಿದ್ದರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಈಗ ಎತ್ತಿ ಬುಟ್ಟಿಗೆ ಹಾಕಿ ರಫೇಯಾಳ ಮುಖ ನೋಡಿದಳು. "ಜಾಣೆ!" ಎಂದಳು ರಫೇಯಾ. ಬಟ್ಟಲು ತೊಳೆದು ಬೋರಲು ಹಾಕಿದಾಗ ಸುರಾಯಾಳ ಬಿಗಿದ ಭುಜ ಸಡಿಲವಾಯಿತು.

"ಇಷ್ಟೆಲ್ಲ ಕಲ್ತಿದಾಳಾ! ನನ್ನ ಸಣ್ಣ ಮಗನೇ ಹೀಗೆ ತಿನ್ನಲ್ಲ ಅಮ್ಮಾ," ಎಂದು ಅತ್ತೆಯ ಕಡೆ ತಿರುಗಿದಳು. ತನಗೆ ತಾನೇ ಹೇಳಿಕೊಂಡಂತೆ, "ಹಿಂದಿನ ರೂಮು ಖಾಲಿನೇ ಇದೆ. ಕಿಟಕಿಗೆ ಸರಳು ಹಾಕಿಸ್ಬೇಕು. ಹಗಲು ಬಿಡೋಕೆ ನಮ್ಮ ಬೀದಿ ಕೊನೇಲೂ ಇಂಥದ್ದೇ ಒಂದು ಕೇಂದ್ರ ಇದೆಯಂತೆ," ಎಂದಳು. ಮಾಕ್ ಉದಾ ತುಟಿ ಕಚ್ಚಿಕೊಂಡು ತಲೆವಸ್ತ್ರದ ತುದಿಯಲ್ಲಿ ಕಣ್ಣೊತ್ತಿಕೊಂಡಳು. ರಫೇಯಾಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸುಳ್ಳು ಹೇಳಿದರೇನು, ಕೆಲಸವಾಯಿತಲ್ಲ, ಆ ಸಿಮೆಂಟು ಕಟ್ಟೆಗೆ ಇವಳು ಹೋಗುವುದಿಲ್ಲವಲ್ಲ ಎಂದುಕೊಂಡಳು.

"ಅತ್ತಿಗೆ ಹೊರಟ್ರು ನೋಡು ಮೆಲೋರ್. ಏನು ಮಾಡ್ಬೇಕು?" ಎಂದು ಲೆಲಾ ಹುರಿದುಂಬಿಸಿದಳು.

ಮೆಲೋರ್ ಎದ್ದು ಬಂದು ಎದುರು ನಿಂತಳು. ಕೈ ಚಾಚಿದಳು. ಸುರಾಯಾ ಒಂದು ಕ್ಷಣ ತಡೆದು, ಉಸಿರು ಎಳೆದುಕೊಂಡು, ತನ್ನ ಕೈ ಕೊಟ್ಟಳು. ಕೊಡುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ರಫೇಯಾಳಿಗೆ ತನ್ನ ಚರ್ಮದ ಮೇಲೇ ತಿಳಿಯಿತು. ಮೆಲೋರ್ ಹಿಡಿದಳು. ಬಗ್ಗಿದಳು. ಮೂಗು, ತುಟಿ, ಮೆತ್ತಗೆ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಬಿಟ್ಟು ನಕ್ಕಳು. ಗೋಡೆಯ ಪಟದಲ್ಲಿದ್ದ ಹಾಗೇ, ನಾಲ್ಕೂ ಹಂತ. ಸುರಾಯಾ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಬಾಟಲಿಗೂ ಕೈ ಹಾಕಲಿಲ್ಲ. ಅವಳ ಮುಖದಲ್ಲಿ ಗೆದ್ದ ಹೆಮ್ಮೆಯಂಥದೇನೋ ಮೂಡುತ್ತಿತ್ತು. ಆಗ ಮೆಲೋರಳ ಬಲಗೈ ಬೆನ್ನ ಹಿಂದೆ ಹೋಯಿತು. ಅಂಗಿಯ ಹಿಂಭಾಗಕ್ಕೆ ಎರಡು ಸಲ, ಮೇಲಿನಿಂದ ಕೆಳಕ್ಕೆ, ಗಸಗಸ. ಮೂಗು ತುಸುವೇ ಮೇಲೇರಿತು. ನಗು ಹಾಗೇ ಇತ್ತು.

ರಫೇಯಾ ತನ್ನನ್ನು ತಾನು ಕನ್ನಡಿಯಲ್ಲಿ ನೋಡಿಕೊಂಡರೂ ಅಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಮೂಗಿನ ಆ ಏರು ತನ್ನದು, ಒರೆಸಿದ ಲಯ ತನ್ನದು, ನಗುವೂ ತನ್ನದೇ. ಇಷ್ಟು ಅಸಹ್ಯವೇ ಅದು? ಹನ್ನೊಂದು ವರ್ಷ ಈ ಮುಖ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಿದ್ದೆನೇ?

"ಏನಿದು?" ಸುರಾಯಾ ನಗಲು ನೋಡಿದಳು. ಕೆನ್ನೆ ಕೆಂಪಗಾಗಿತ್ತು. "ನನ್ನ ಕೈ ಮುಟ್ಟಿದ್ದಕ್ಕೆ ಒರೆಸ್ಕೊಂಡ್ಲಾ? ಇವಳಿಗೆ ನನ್ನ ಕಂಡ್ರೆ ಹೇಸಿಗೆನಾ?"

"ಅಯ್ಯೋ ಅದೇನಿಲ್ಲಮ್ಮ, ಮಕ್ಕಳು..." ಲೆಲಾ ತಡವರಿಸಿದಳು.

"ಯಾರು ಕಲ್ಸಿದ್ದು ಇದನ್ನ? ತಾನಾಗೇ ಬರೋದಲ್ಲ ಇದು."

ಮೆಲೋರ್ ರಫೇಯಾಳ ಮುಖವನ್ನೇ ನೋಡುತ್ತಿದ್ದಳು. ಜಾಣೆ ಎನ್ನುವುದಕ್ಕೆ ಕಾಯುತ್ತಿದ್ದಳು. ನಾನು ಕಲಿಸಿದ್ದು ಎಂಬುದು ಮೂರು ಮಾತು ಕೂಡ ಅಲ್ಲ. ಅದನ್ನು ಹೇಳಿದರೆ ಈ ಹೆಣ್ಣು ಮೆಲೋರಳನ್ನು ಕರೆದುಕೊಂಡು ಹೋಗುತ್ತಾಳೆ. ಆದರೆ ಹೇಳಿದರೆ, 'ಪ್ರೀತಿ ಇದ್ದರೆ ಹೇಸಿಗೆ ಎಲ್ಲಿಂದ' ಎಂದ ತನ್ನ ಮುಖಕ್ಕೆ ಲೆಲಾ ಏನೆನ್ನುತ್ತಾಳೆ, ನಾಳೆ ಮೀನಿನ ಅಂಗಡಿಯಲ್ಲಿ ಏನೆನ್ನುತ್ತಾರೆ. "ಇಂಥ ಮಕ್ಕಳಿಗೆ ಏನೇನೋ ಚಾಳಿ ಇರುತ್ತೆ," ಎಂದಳು ರಫೇಯಾ. "ಅವರ ಕಾಯಿಲೆನೇ ಹಾಗೆ."

ಮಾಕ್ ಉದಾ ತಲೆ ಎತ್ತಿ ಅವಳನ್ನು ನೋಡಿದಳು. ದಿನಾ ಬೆಳಿಗ್ಗೆ ಮಗಳನ್ನು ಬಿಡಲು ಬಂದು, ಸಾಲು ಕರಗುವವರೆಗೂ ಬಾಗಿಲ ಒಳಗಡೆಯ ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಕೂರುವ ಹೆಂಗಸು. ಆ ಕಟ್ಟೆಯಿಂದ ಬಾಗಿಲಲ್ಲಿ ನಿಂತವರ ಬೆನ್ನು ಚೆನ್ನಾಗಿ ಕಾಣುತ್ತದೆ ಎಂಬುದು ರಫೇಯಾಳಿಗೆ ಆಗ ಹೊಳೆಯಿತು.

"ನಾನೇ ಕಣಮ್ಮ," ಎಂದಳು ಮಾಕ್ ಉದಾ ಸೊಸೆಗೆ. "ಮೀನು ಸೀಳಿ ಸೀಳಿ ಕೈ ಒರೆಸ್ಕೊಳ್ತಾನೇ ಇರ್ತೀನಲ್ಲ. ನನ್ನ ನೋಡಿ ಕಲ್ತಿರ್ತಾಳೆ. ಮನಸ್ಸಿಗೆ ಹಚ್ಕೋಬೇಡ."

"ಇಲ್ಲ ಅಮ್ಮಾ. ಮನೆಯಿಂದ ಹೊರಟಾಗ್ಲಿಂದ ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದೆ. ನನ್ನ ಹೇಸಿಗೆ ನಾನು ನುಂಗಬಹುದು. ಅವಳಿಗೇ ನನ್ನ ಕಂಡ್ರೆ ಹೇಸಿಗೆ ಅಂದ್ರೆ ಒಂದೇ ಮನೇಲಿ ಹೇಗೆ ಇರೋದು?" ಸುರಾಯಾಳ ದನಿ ಒಡೆಯಿತು. ಬ್ಯಾಗಿನಿಂದ ಫಾರಮ್ಮು ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮದೂ ಒಂದು ಭಾಗ ಇದೆ ಚೆಗು. ತುಂಬಿಸಿ ಕೊಡ್ಬೇಕಂತೆ."

ಹೆಸರು, ವಯಸ್ಸು, ತಾನಾಗಿ ಉಣ್ಣುವಳೇ, ತಾನಾಗಿ ಸ್ನಾನ ಮಾಡುವಳೇ. ಹೌದು, ಹೌದು. ಕೊನೆಯಲ್ಲಿ ನಡವಳಿಕೆಯ ದೋಷಗಳು ಎಂದೊಂದು ಜಾಗ. ಸುರಾಯಾ ಎದುರು ನಿಂತು ನೋಡುತ್ತಿದ್ದಳು, ಖಾಲಿ ಬಿಡುವಂತಿರಲಿಲ್ಲ. ರಫೇಯಾ ಪಟ ಬರೆಯುವ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ಕೈ ಮುಟ್ಟಿದ ಮೇಲೆ ಒರೆಸಿಕೊಳ್ಳುವ ಚಟ. ಕಾರಣ ತಿಳಿಯದು.

ಸುರಾಯಾ ಅತ್ತೆಯನ್ನು ಆಸ್ಪತ್ರೆಗೆ ಬಿಟ್ಟು ಇಪೋಗೆ ಹೋಗುವವಳು. ಮೆಲೋರ್ ಒಂದು ಗಂಟೆಗೆ ವ್ಯಾನಿನಲ್ಲಿ ಹೋಗಬೇಕು. ಹೊರಡುವಾಗ ರಫೇಯಾ ಹಿರಿಯಳಾದ ಮಾಕ್ ಉದಾಳ ಕೈ ಹಿಡಿದು ಬಗ್ಗಿ ಮುತ್ತಿಟ್ಟಳು. ಉಪ್ಪು, ಮೀನು, ಆಸ್ಪತ್ರೆಯ ಔಷಧಿಯ ವಾಸನೆ. ಮುದುಕಿ ಕೈಯನ್ನು ಎಳೆದುಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. "ಆ ಹಿಂದಿನ ಕಲೆ, ಚೆಗು," ಎಂದಳು ಮೆಲ್ಲಗೆ, ದೂರುವ ದನಿಯೇನೂ ಇಲ್ಲದೆ, "ಉಜ್ಜಿ ಉಜ್ಜಿ ನೋಡ್ದೆ. ಹೋಗ್ಲಿಲ್ಲ." ಬೈದಿದ್ದರೆ, ಉಗಿದಿದ್ದರೆ ರಫೇಯಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಕಾರು ಹೋದ ಮೇಲೆ ಲೆಲಾ ಪಫ್ಫಿನ ಡಬ್ಬಿ ಬಿಚ್ಚಿ, "ಏನೇ ಹೇಳು, ಒಳ್ಳೇ ಬೇಕರಿ," ಎಂದು ತಿನ್ನತೊಡಗಿದಳು. ಆ ಎಣ್ಣೆ ಮೆತ್ತಿದ ತುಟಿಗಳನ್ನು ನೋಡಲಾರದೆ ರಫೇಯಾ ನೀರಿನ ಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಕೈ ತೊಳೆಯಲೆಂದು ಸೋಪು ಎತ್ತಿಕೊಂಡವಳು ಹಾಗೇ ಕೆಳಗಿಟ್ಟಳು. ಇವತ್ತು ಒರೆಸಿಕೊಳ್ಳುವುದಿಲ್ಲ ಎಂದುಕೊಂಡಳು. ಇವತ್ತು ಒಂದು ದಿನವಾದರೂ.

ಒಂದು ಗಂಟೆಗೆ ವ್ಯಾನು ಬಂತು. ರಫೇಯಾ ಬಾಗಿಲಲ್ಲಿ ನಿಂತು ಬಲಗೈ ಚಾಚಿದಳು. ಜುನೈದ ಬಂದ, ಹಿಡಿದ, ಮುತ್ತಿಟ್ಟ, ನಕ್ಕ. ಅವನ ಕೈ ಬೆನ್ನ ಹಿಂದೆ ಹೋಗಿ ಎರಡು ಸಲ ಒರೆಸಿಕೊಂಡಿತು. ಕಮರಿಯಾ ಬಂದಳು. ಅವಳ ದಪ್ಪ ಕೈ ಅಷ್ಟು ಹಿಂದಕ್ಕೆ ಹೋಗಲಾರದೆ ಪಕ್ಕೆಗೇ ಒರೆಸಿತು, ಮೂಗು ಮಾತ್ರ ಏರಿತು. ಆ-ಸೆಂಗನೂ ಒರೆಸಿಕೊಂಡ. ಒಬ್ಬರಾದ ಮೇಲೊಬ್ಬರು, ಹದಿನೈದು ಜನವೂ. ಹನ್ನೊಂದು ವರ್ಷದಲ್ಲಿ ರಫೇಯಾ ಇದನ್ನು ಒಂದು ದಿನವೂ ನೋಡಿರಲಿಲ್ಲ. ಮುತ್ತು ಮುಗಿದ ಕೂಡಲೆ ಕಣ್ಣು ಆಚೆ ತಿರುಗಿಸಿ ತನ್ನ ಕೈ ಒರೆಸಿಕೊಳ್ಳುವ ಗಡಿಬಿಡಿಯಲ್ಲೇ ಇರುತ್ತಿದ್ದಳು. ಈಗ ಅವಳ ಕೈಯ ಮೇಲೆ ಹದಿನೈದು ಬಾಯಿಗಳ ಜೊಲ್ಲು ಒಂದರ ಮೇಲೊಂದು ಕೂತು ಮಣಿಕಟ್ಟಿನ ಕಡೆ ಹರಿಯುತ್ತಿತ್ತು. ಹಲ್ಲು ಕಚ್ಚಿ ನಿಂತಳು.

ಕೊನೆಗೆ ಮೆಲೋರ್. ಚಾಚಿ, ಹಿಡಿದು, ಬಗ್ಗಿ, ಬಿಟ್ಟು ನಕ್ಕಳು. ತಾನು ಒರೆಸಿಕೊಂಡಳು. ಆಮೇಲೆ ವ್ಯಾನಿನ ಕಡೆ ಹೋಗದೆ ಅಲ್ಲೇ ನಿಂತು ರಫೇಯಾಳ ಕೈಯನ್ನು ನೋಡಿದಳು. ಅದು ಗಾಳಿಯಲ್ಲಿ ಹಾಗೇ ಒದ್ದೆಯಾಗಿ ನಿಂತಿತ್ತು. ಮೆಲೋರಳ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು; ಐದರವರೆಗೆ ಎಣಿಸುತ್ತಿದ್ದಾಳೆಂದು ರಫೇಯಾಳಿಗೆ ತಿಳಿಯಿತು. ಡ್ರೈವರು ಹಾರ್ನು ಹೊಡೆದ. ಮೆಲೋರ್ ಅವಳ ಹಿಂದೆ ಹೋಗಿ ನಿಂತಳು. ಮೋಟು ಬೆರಳಿನ ಬೆಚ್ಚನೆಯ ಕೈಯನ್ನು ರಫೇಯಾಳ ಕೈಯ ಮೇಲೆ ಇಟ್ಟು, ಮೆತ್ತಗೆ, ಒಂದಿಷ್ಟೂ ಅವಸರವಿಲ್ಲದೆ ಬೆನ್ನ ಹಿಂದಕ್ಕೆ ತಂದು, ಅಂಗಿಯ ಆ ಬಣ್ಣಗೆಟ್ಟ ಜಾಗಕ್ಕೇ ಒತ್ತಿ, ಮೇಲಿನಿಂದ ಕೆಳಕ್ಕೆ ಒರೆಸಿದಳು. ಒಂದು ಸಲ. ಎರಡು ಸಲ.

"ಜಾಣೆ!" ಎಂದಳು.